ಡಬ್ಬಕ್ಕೆ ಎಷ್ಟು?

ನನಗೆ ಮೊದಲ ಗಿರಾಕಿಯನ್ನು ತಂದುಕೊಟ್ಟದ್ದು ದೊಡ್ಡಪ್ಪನ ಮನೆಯ ಅಡಿಕೆ ಶೆಡ್ಡಿನ ಗೋಡೆಗೆ ಅಂಟಿಸಿದ್ದ ಒಂದು ಹಾಳೆ. ಬರೆಯುವಾಗ ಅದನ್ನು ಬರಹ ಎಂದು ನಾನು ಎಣಿಸಿಯೇ ಇರಲಿಲ್ಲ.

2018ರ ಅಕ್ಟೋಬರ್ ತಿಂಗಳು. ಅತಿಥಿ ಉಪನ್ಯಾಸಕಿಯ ಕೆಲಸ ಬಿಟ್ಟು, ಬರೆದೇ ಬದುಕುತ್ತೇನೆ ಎಂದು ಶಿವಮೊಗ್ಗದಲ್ಲಿ ಒಂದು ಕೋಣೆ ಮಾಡಿಕೊಂಡು ಒಂದೂವರೆ ವರ್ಷವಾಗಿತ್ತು. ಆ ಅವಧಿಯಲ್ಲಿ ಏನೂ ಬರೆಯದೆ ಕಳೆದ ದಿನಗಳು ಕಡಿಮೆ. ಪತ್ರಿಕೆಗಳಿಗೆ ಲೇಖನ, ಸಂಘದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ, ಪರಿಚಯದವರ ಮಗಳ ಮದುವೆಯ ಆಮಂತ್ರಣ ಪತ್ರಿಕೆಗೆ ಒಕ್ಕಣೆ, ನಿವೃತ್ತರಾದ ಮೇಷ್ಟರೊಬ್ಬರಿಗೆ ಬಿನ್ನವತ್ತಳೆ. ಬಿನ್ನವತ್ತಳೆ ಓದುವಾಗ ಮೇಷ್ಟರು ಕಣ್ಣೊರೆಸಿಕೊಂಡರು. ಸಮಾರಂಭ ಮುಗಿದ ಮೇಲೆ ನನಗೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಆ ಪ್ರೀತಿ ನನಗೆ ಬೇಕಾಗಿಯೇ ಇತ್ತು, ಇಂದಿಗೂ ಆ ಶಾಲು ನನ್ನ ಬಳಿ ಇದೆ. ಆದರೆ ತಿಂಗಳ ಐದನೇ ತಾರೀಖಿಗೆ ಕೋಣೆಯ ಬಾಡಿಗೆ ಕೊಡಬೇಕಿತ್ತು. ಜಾಲತಾಣವೊಂದು ಮಾದರಿಗೆಂದು ಮೂರು ಲೇಖನ ಬರೆಸಿಕೊಂಡು, ಮೂರನ್ನೂ ಹೆಸರಿಲ್ಲದೆ ಪ್ರಕಟಿಸಿ, ಆಮೇಲೆ ನನ್ನ ಫೋನ್ ಎತ್ತುವುದನ್ನೇ ನಿಲ್ಲಿಸಿತ್ತು. ಕೂಡಿಟ್ಟ ಹಣ ಕರಗುತ್ತಾ ಬಂದಿತ್ತು. ಊರಿಗೆ ಹೋದರೆ ಒಂದು ವಾರದ ಊಟದ ಖರ್ಚು ಉಳಿಯುತ್ತದೆ ಎಂಬ ಲೆಕ್ಕದಲ್ಲಿಯೇ ನಾನು ಆ ಸಲ ತೀರ್ಥಹಳ್ಳಿ ಬಸ್ ಹತ್ತಿದ್ದು.

ಊರಿನಲ್ಲಿ ಅಡಿಕೆ ಸುಗ್ಗಿ. ಗೊನೆ ಕೊಯ್ದು ತಂದ ಮೇಲೆ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಸುಲಿಯಬೇಕು, ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ರಸವನ್ನು, ಅಂದರೆ ಚೊಗರನ್ನು, ಹಾಕಿ ಬೇಯಿಸಬೇಕು, ಬಿಸಿಲು ನೋಡಿ ಹರಡಬೇಕು. ನಾನು ಚಿಕ್ಕವಳಿದ್ದಾಗ ಈ ದಿನಗಳಲ್ಲಿ ಜಗಲಿಯ ತುಂಬ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಕೂರುತ್ತಿದ್ದರು, ನಡುರಾತ್ರಿಯವರೆಗೂ ಸುಲಿಯುವ ಸದ್ದು ಕೇಳುತ್ತಿತ್ತು. ಈಗ ಸುಲಿಯುವವರು ಸಿಗುವುದಿಲ್ಲ. ಮಕ್ಕಳು ಓದಿ ಪೇಟೆಗೆ ಹೋದರು, ದೊಡ್ಡವರಿಗೆ ಸೊಂಟ ಹಿಡಿದಿದೆ. ದೊಡ್ಡಪ್ಪ ಆ ವರ್ಷ ಸುಲಿಯುವ ಯಂತ್ರ ಕೊಂಡಿದ್ದರು.

ಯಂತ್ರ ನೋಡಿಕೊಳ್ಳಲು ಇದ್ದವನು ಎಸ್ಸೆಸ್ಸೆಲ್ಸಿ ಪಾಸಾದ ಪಕ್ಕದ ಮನೆಯ ಹುಡುಗ. ನಾನು ಶೆಡ್ಡಿಗೆ ಹೋದಾಗ ಅವನು ಬೆಲ್ಟಿನ ಮೇಲಿನ ಮುಚ್ಚಳ ತೆಗೆದಿಟ್ಟು ಯಂತ್ರ ಓಡಿಸುತ್ತಿದ್ದ. ತೆಗೆದದ್ದೇಕೆ ಎಂದು ಕೇಳಿದೆ. ಅಡಿಕೆ ಸಿಕ್ಕಿಕೊಂಡಾಗ ಬೇಗ ಬಿಡಿಸಲು ಅನುಕೂಲ ಎಂದ. ಯಂತ್ರದ ಜೊತೆ ಕೊಟ್ಟ ಪುಸ್ತಿಕೆ ಓದಲಿಲ್ಲವೇ ಎಂದರೆ, ಓದಿದ್ದೇನೆ ಎಂದು ಕಪಾಟಿನಿಂದ ತೆಗೆದು ಕೊಟ್ಟ. ಅವನು ಸುಳ್ಳು ಹೇಳಿರಲಿಲ್ಲ. ಕನ್ನಡದಲ್ಲಿಯೇ ಅಚ್ಚಾಗಿದ್ದ ಆ ಪುಸ್ತಿಕೆಯ ಎರಡನೆಯ ಪುಟದಲ್ಲಿ ಹೀಗಿತ್ತು: “ಯಂತ್ರದ ಕಾರ್ಯಾಚರಣೆಯನ್ನು ಪ್ರಾರಂಭಿಸುವ ಮುನ್ನ ಸುರಕ್ಷತಾ ಆವರಣವು ಸಮರ್ಪಕವಾಗಿ ಸ್ಥಾಪಿಸಲ್ಪಟ್ಟಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.”

“ಇದು ಏನು ಮಾಡಿ ಎನ್ನುತ್ತದೆ ಅಕ್ಕಾ?” ಎಂದು ಹುಡುಗ ಕೇಳಿದ.

ನನಗೆ ಸಿಟ್ಟು ಬಂದಿತು. ಓದು ಬಲ್ಲ ಕನ್ನಡದ ಹುಡುಗನಿಗೆ ಕನ್ನಡದಲ್ಲಿ ಬರೆದ ಮಾತು ಮುಟ್ಟದೆ ಅವನ ಬೆರಳು ಹೋಗುವ ಸಂಭವವಿತ್ತು. ಅಂದು ಸಂಜೆ ದೊಡ್ಡಮ್ಮನ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಅದರ ಬೆನ್ನಿಗೆ ದಪ್ಪ ಮಾರ್ಕರ್ ಪೆನ್ನಿನಿಂದ ಬರೆದೆ: “ಮುಚ್ಚಳ ಹಾಕದೆ ಸ್ವಿಚ್ ಹಾಕಬೇಡಿ. ಅಡಿಕೆ ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆರಿಸಿ. ಬೆಲ್ಟು ಪೂರ್ತಿ ನಿಂತ ಮೇಲೆ ಕೈ ಹಾಕಿ.” ಹೀಗೆ ಒಂಬತ್ತು ಸಾಲು. ಅನ್ನದ ಅಗುಳಿನಿಂದ ಅಂಟಿಸಿದರೆ ನಿಲ್ಲಲಿಲ್ಲ, ಆಮೇಲೆ ನಾಲ್ಕು ಮೂಲೆಗೂ ಮೊಳೆ ಹೊಡೆದೆವು.

ವಾರ ಕಳೆದು ನಾನು ಶಿವಮೊಗ್ಗಕ್ಕೆ ಮರಳಿದ ಮೇಲೆ ಯಂತ್ರದ ಸರ್ವಿಸ್‌ಗೆ ಮೆಕ್ಯಾನಿಕ್ ಬಂದಿದ್ದರಂತೆ. ಗೋಡೆಯ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ ತಮ್ಮ ಮಾಲೀಕರಿಗೆ ತೋರಿಸಿದರು. ಮಾಲೀಕರು ದೊಡ್ಡಪ್ಪನಿಗೆ ಫೋನ್ ಮಾಡಿ ನನ್ನ ನಂಬರ್ ಪಡೆದರು.

“ಮೇಡಂ, ಗೋಡೆಯ ಮೇಲೆ ಬರೆದವರು ನೀವೇ ಅಂತೆ. ನಮ್ಮ ಹೊಸ ಮಾಡೆಲಿನ ಪುಸ್ತಕ ಇಂಗ್ಲಿಷಿನಲ್ಲಿ ಇದೆ, ಇಪ್ಪತ್ತೆರಡು ಪುಟ. ಅದನ್ನು ಹಾಗೆಯೇ ಬರೆದುಕೊಡಬೇಕು. ಎಷ್ಟು ಕೊಡಬೇಕು ಹೇಳಿ.”

“ನಿಮಗೆ ತೋಚಿದಷ್ಟು ಕೊಡಿ” ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಅಲ್ಲಿಯವರೆಗೆ ಯಾರು ಕೇಳಿದರೂ ನಾನು ಕೊಟ್ಟ ಉತ್ತರ ಅದೊಂದೇ. ಯಾವ ಪುಣ್ಯವೋ, ಅಂದು ಅದನ್ನು ನುಂಗಿಕೊಂಡು “ನಾಳೆ ಬೆಳಿಗ್ಗೆ ಹೇಳುತ್ತೇನೆ ಸರ್” ಎಂದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹಣ ಕೇಳಲು ನನಗೇಕೆ ಇಷ್ಟು ಕಷ್ಟ ಎಂದು ಯೋಚಿಸುತ್ತಾ ಮಲಗಿದ್ದೆ. ಬರೆದದ್ದಕ್ಕೆ ಕೊಡುವ ಹಣಕ್ಕೆ ನಮ್ಮಲ್ಲಿರುವ ಹೆಸರುಗಳನ್ನು ನೋಡಿ: ಸಂಭಾವನೆ, ಗೌರವಧನ. ಸಂಭಾವನೆ ಪುರೋಹಿತರಿಗೆ ಕೊಡುವುದು, ಗೌರವಧನ ಅತಿಥಿಗೆ ಕೊಡುವುದು. ಎರಡರಲ್ಲಿಯೂ ಎಷ್ಟು ಎಂಬುದನ್ನು ಕೊಡುವ ಕೈ ತೀರ್ಮಾನಿಸುತ್ತದೆ, ಪಡೆಯುವ ಕೈ ಲಕೋಟೆಯನ್ನು ಅಲ್ಲೇ ಒಡೆದು ನೋಡುವುದು ಕೂಡ ಅಸಭ್ಯ. ಬಡಗಿಯ ಮಜೂರಿಗೆ, ದರ್ಜಿಯ ಹೊಲಿಗೆಗೆ, ಟೆಂಪೋ ಬಾಡಿಗೆಗೆ ದರ ಇದೆ. ಬರೆಯುವವರಿಗೆ ದರ ಎಂಬ ಮಾತೇ ಒಗ್ಗುವುದಿಲ್ಲ. ತರಗತಿಯಲ್ಲಿ ನಾನೇ ಕಾದಂಬರಿಕಾರ ಗಳಗನಾಥರ ಕಥೆ ಹೇಳುತ್ತಿದ್ದೆ, ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ಅಲೆದರು, ಎಂಥ ತ್ಯಾಗ ಎಂದು. ಮಕ್ಕಳು ಬರೆದುಕೊಳ್ಳುತ್ತಿದ್ದರು. ಆ ರಾತ್ರಿ ನನಗೆ ಹೊಳೆಯಿತು: ಅವರು ಪುಸ್ತಕಗಳನ್ನು ಹೊತ್ತು ತಿರುಗಿದ್ದು ಮಾರಲು. ಕಾದಂಬರಿಯ ಪಿತಾಮಹ ಎನಿಸಿಕೊಂಡ ಆ ಹಿರಿಯರು ಅಂಗಳ ಅಂಗಳದಲ್ಲಿ ನಿಂತು ಪುಸ್ತಕಕ್ಕೆ ಇಷ್ಟು ಎಂದು ಬಾಯಿಬಿಟ್ಟು ಬೆಲೆ ಹೇಳಿರಲೇಬೇಕು. ಆ ಭಾಗವನ್ನು ನಾನು ಎಂದೂ ಪಾಠ ಮಾಡಿರಲಿಲ್ಲ.

ಬೆಳಗಿನ ಜಾವಕ್ಕೆ ನೆನಪಾದದ್ದು ನಮ್ಮ ಜಗಲಿ. ಸುಲಿಯಲು ಬರುತ್ತಿದ್ದವರಲ್ಲಿ ಕೆಳಗಿನ ಕೇರಿಯ ಒಬ್ಬರು ಇದ್ದರು, ಮನೆಮಕ್ಕಳೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅವರ ಕೈ ಓಡುವ ವೇಗಕ್ಕೆ ಊರಿನಲ್ಲಿ ಸಾಟಿ ಇರಲಿಲ್ಲ. ಸುಲಿದ ಅಡಿಕೆಯನ್ನು ಎಣ್ಣೆಯ ಹಳೆಯ ತಗಡಿನ ಡಬ್ಬದಲ್ಲಿ ಅಳೆಯುತ್ತಿದ್ದರು, ಕೂಲಿ ಡಬ್ಬದ ಲೆಕ್ಕದಲ್ಲಿ. ಪ್ರತಿ ವರ್ಷ ಸುಗ್ಗಿಯ ಮೊದಲ ದಿನ ಅಕ್ಕ ಅಂಗಳಕ್ಕೆ ಬಂದು, ಮೆಟ್ಟುಗತ್ತಿಯನ್ನು ಕಂಕುಳಲ್ಲೇ ಇಟ್ಟುಕೊಂಡು ನಿಂತಿರುತ್ತಿದ್ದರು. ದೊಡ್ಡಮ್ಮ ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಮಕ್ಕಳು ಮರಿಗಳ ಮಾತೆಲ್ಲ ಆಡುತ್ತಿದ್ದರು, ಆದರೆ ಕೂರುತ್ತಿರಲಿಲ್ಲ. “ಈ ವರ್ಷ ಡಬ್ಬಕ್ಕೆ ಎಷ್ಟು ಅಮ್ಮಾ?” ದೊಡ್ಡಮ್ಮ ಒಂದು ಹೇಳಿದರೆ ಅಕ್ಕ ಇನ್ನೊಂದು ಹೇಳುತ್ತಿದ್ದರು. ಇಬ್ಬರೂ ನಗುತ್ತಲೇ ಒಂದು ಕಡೆ ಬಂದು ನಿಲ್ಲುತ್ತಿದ್ದರು. ಅದಾದ ಮೇಲೆ ಅಕ್ಕ ಮಣೆಯ ಮೇಲೆ ಕಾಲಿಟ್ಟು ಕೂತರೆ ಇಡೀ ರಾತ್ರಿ ಹಣದ ಮಾತು ಎತ್ತುತ್ತಿರಲಿಲ್ಲ. ಅವರ ಮೇಲೆ ದೊಡ್ಡಮ್ಮನಿಗೆ ಇದ್ದ ಗೌರವ ಆ ಪ್ರಶ್ನೆಯಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿದ್ದನ್ನು ನಾನು ಕಾಣಲಿಲ್ಲ.

ಎದ್ದು ದೀಪ ಹಾಕಿ ಲೆಕ್ಕಕ್ಕೆ ಕೂತೆ. ಮಾಲೀಕರು ಕಳಿಸಿದ್ದ ಕಡತದಲ್ಲಿ ಸುಮಾರು 3,100 ಇಂಗ್ಲಿಷ್ ಪದಗಳು. ಕೋಣೆಯಲ್ಲಿ ಬರೆಯಲು ಏಳು ದಿನ, ಯಂತ್ರ ನೋಡಲು ಮತ್ತು ಓದಿಸಿ ನೋಡಲು ಮೂರು ದಿನ, ತಿದ್ದಲು ಎರಡು ದಿನ. ಹನ್ನೆರಡು ದಿನದ ಕೆಲಸ. ಬಾಡಿಗೆ, ಊಟ, ಕರೆಂಟು, ಕೆಲಸವಿಲ್ಲದೆ ಕಾಯುವ ದಿನಗಳು, ಎಲ್ಲ ಸೇರಿಸಿ ದಿನಕ್ಕೆ 750 ರೂಪಾಯಿ ಬಂದರೆ ಮಾತ್ರ ನಾನು ಈ ಕಸುಬಿನಲ್ಲಿ ಉಳಿಯಬಲ್ಲೆ. 9,000. ಪದಕ್ಕೆ ಭಾಗಿಸಿದರೆ ಮೂರು ರೂಪಾಯಿಗೆ ಸ್ವಲ್ಪ ಕಡಿಮೆ. ಆ ಸಂಖ್ಯೆಯನ್ನು ಕೋಣೆಯಲ್ಲಿ ನಾನೊಬ್ಬಳೇ ಇದ್ದಾಗ ಗಟ್ಟಿಯಾಗಿ ಹೇಳಿ ನೋಡಿದೆ. “ಒಂಬತ್ತು ಸಾವಿರ ಆಗುತ್ತದೆ ಸರ್.” ನಾಲ್ಕಾರು ಸಲ ಹೇಳಿದ ಮೇಲೆ ದನಿ ಸ್ವಲ್ಪ ನಿಂತಿತು.

ಬೆಳಿಗ್ಗೆ ಫೋನಿನಲ್ಲಿ ಹೇಳಿದಾಗ ಆ ಕಡೆ ಮೌನ. ನಾನೂ ಸುಮ್ಮನಿದ್ದೆ. ಆ ಮೌನವನ್ನು ತುಂಬಲು ನನ್ನೊಳಗಿಂದ ಎಷ್ಟೆಲ್ಲ ಮಾತುಗಳು ನುಗ್ಗಿ ಬಂದವು: ಕಡಿಮೆ ಮಾಡಬಹುದು, ನೀವು ಹೇಳಿದಂತೆ ಆಗಲಿ, ಮೊದಲ ಕೆಲಸ ತಾನೇ. ತುಟಿ ಕಚ್ಚಿಕೊಂಡು ನಿಂತೆ.

“ಡಿಟಿಪಿಯವರು ಪುಟಕ್ಕೆ ಇಷ್ಟು ಎಂದು ತುಂಬಾ ಕಡಿಮೆಗೆ ಮಾಡುತ್ತಾರಲ್ಲ ಮೇಡಂ.”

“ಅವರು ಬರೆದಿದ್ದನ್ನು ಟೈಪ್ ಮಾಡುತ್ತಾರೆ ಸರ್. ನಾನು ಬರೆಯಬೇಕು. ನಿಮ್ಮ ಶೆಡ್ಡಿಗೆ ಬಂದು ಯಂತ್ರ ನೋಡಬೇಕು, ಓಡಿಸುವ ಹುಡುಗರ ಕೈಯಲ್ಲಿ ಓದಿಸಬೇಕು.”

“ಏಳಕ್ಕೆ ಮುಗಿಸಿ.”

“ಏಳಕ್ಕೆ ಮಾಡಬೇಕಾದರೆ ಕೊನೆಯ ಐದು ಪುಟ, ವಾರಂಟಿಯ ನಿಯಮಗಳು, ಬಿಟ್ಟು ಮಾಡಿಕೊಡುತ್ತೇನೆ.”

ಇದು ನನಗೆ ಹೇಗೆ ಹೊಳೆಯಿತೋ ತಿಳಿಯದು. ಆದರೆ ಈಗಲೂ ನಾನು ಪಾಲಿಸುವುದು ಇದನ್ನೇ. ಹಣ ಕಡಿಮೆಯಾಗಬೇಕಾದರೆ ಕೆಲಸವೂ ಕಡಿಮೆಯಾಗಲಿ. ಅಷ್ಟೇ ಕೆಲಸವನ್ನು ಕಡಿಮೆ ಹಣಕ್ಕೆ ಒಪ್ಪಿಕೊಂಡರೆ ಮೊದಲು ಹೇಳಿದ ಬೆಲೆ ಸುಳ್ಳಾಗಿತ್ತು ಎಂದು ನಾವೇ ಒಪ್ಪಿಕೊಂಡ ಹಾಗೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಬೇಡ, ಎಲ್ಲಾ ಮಾಡಿ” ಎಂದರು. 3,000 ಮುಂಗಡ ಕೇಳಿದೆ. ಸಂಜೆಯ ಹೊತ್ತಿಗೆ ಬ್ಯಾಂಕಿನಿಂದ ಮೊಬೈಲಿಗೆ ಸಂದೇಶ ಬಂದಿತು. ಅದನ್ನು ಓದಿ, ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಖು ಹಾಕಿ, ಕೆಲಸ ಸಂಖ್ಯೆ 1 ಎಂದು ಬರೆದೆ. ಕೈ ಸ್ವಲ್ಪ ನಡುಗುತ್ತಿತ್ತು.

ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿದ್ದ ಅವರ ಶೆಡ್ಡಿನಲ್ಲಿ ಕಳೆದ ಮೂರು ದಿನಗಳ ಬಗ್ಗೆ ನಾನು ಎಷ್ಟು ಬೇಕಾದರೂ ಹೇಳಬಲ್ಲೆ. ಕನ್ನಡ ಎಂ.ಎ.ಯಲ್ಲಿ ಎರಡು ವರ್ಷ ಓದಿದ್ದಕ್ಕೆ ನಾನು ಋಣಿ. ಆದರೆ ವಾಕ್ಯ ಎಂದರೆ ಏನು ಎಂಬುದನ್ನು ಕಲಿತದ್ದು ಅಲ್ಲಿ, ಗ್ರೀಸಿನ ವಾಸನೆಯ ನಡುವೆ.

ಕೋಣೆಯಲ್ಲಿ ಕೂತು ನಾನು ಬರೆದಿದ್ದೆ: “ಬೆಲ್ಟು ಬಿಚ್ಚುವ ಮೊದಲು ಪ್ಲಗ್ ಕೀಳಿ.” ವ್ಯಾಕರಣದಲ್ಲಿ ತಪ್ಪಿಲ್ಲ, ಪದಗಳೂ ಸರಳ. ಶೆಡ್ಡಿನ ಹುಡುಗನೊಬ್ಬನ ಕೈಯಲ್ಲಿ ಹಾಳೆ ಕೊಟ್ಟು, ಓದುತ್ತಾ ಮಾಡು ಎಂದೆ. ಅವನು “ಬೆಲ್ಟು ಬಿಚ್ಚುವ” ಎಂದು ಓದುವಷ್ಟರಲ್ಲಿ ಕೈ ಬೆಲ್ಟಿನ ಕಡೆ ಹೋಗಿತ್ತು. ಕೆಲಸ ಮಾಡುತ್ತಾ ಓದುವವರು ವಾಕ್ಯದ ಕೊನೆಯವರೆಗೆ ಕಾಯುವುದಿಲ್ಲ, ಮೊದಲು ಕಣ್ಣಿಗೆ ಬಿದ್ದ ಕ್ರಿಯೆಗೆ ಕೈ ಹೊರಡುತ್ತದೆ. ಆ ಸಾಲನ್ನು ಒಡೆದೆ: “ಮೊದಲು ಪ್ಲಗ್ ಕೀಳಿ. ಆಮೇಲೆ ಬೆಲ್ಟು ಬಿಚ್ಚಿ.” ಅಂದು ರಾತ್ರಿ ಇಪ್ಪತ್ತೆರಡು ಪುಟಗಳನ್ನೂ ಮತ್ತೆ ಹಿಡಿದು, ‘ಮೊದಲು’, ‘ಮುನ್ನ’ ಎಂದು ಬಂದಲ್ಲೆಲ್ಲ ವಾಕ್ಯವನ್ನು ಕೈಯ ಕ್ರಮಕ್ಕೆ ತಿರುಗಿಸಿದೆ.

ಇನ್ನೊಂದು ಸಾಲು: “ಬ್ಲೇಡಿನ ಅಂತರವನ್ನು ಅಡಿಕೆಯ ಗಾತ್ರಕ್ಕೆ ಹೊಂದಿಸಿ.” ಇಂಗ್ಲಿಷಿನಲ್ಲಿ ಅಂತರ ಎಷ್ಟು ಮಿಲಿಮೀಟರ್ ಎಂದು ಕೊಟ್ಟಿದ್ದರು. ಅಡಿಕೆ ಶೆಡ್ಡಿನಲ್ಲಿ ಮಿಲಿಮೀಟರ್ ಅಳೆಯುವ ಸಾಧನ ಯಾರ ಬಳಿ ಇರುತ್ತದೆ? ನನ್ನ ಹಾಳೆಯ ಫೋಟೋ ತೆಗೆದಿದ್ದ ಆ ಮೆಕ್ಯಾನಿಕ್ ಅಲ್ಲೇ ಇದ್ದರು. ನೀವು ಹೇಗೆ ಹೊಂದಿಸುತ್ತೀರಿ ಎಂದು ಕೇಳಿದೆ. ಅವರು ಪ್ಲಗ್ ಕಿತ್ತು, ರಾಶಿಯಿಂದ ಒಂದು ಅಡಿಕೆ ಹೆಕ್ಕಿ, ಬ್ಲೇಡಿನ ನಡುವೆ ಇಟ್ಟು ತಿರುಪು ಬಿಗಿ ಮಾಡುತ್ತಾ ಬಂದರು. ಒಂದು ಹಂತದಲ್ಲಿ ನಿಲ್ಲಿಸಿ, ನನ್ನ ಬೆರಳನ್ನು ಅಡಿಕೆಯ ಮೇಲೆ ಇಡಿಸಿದರು. “ನೋಡಿ ಮೇಡಂ, ಬಿದ್ದುಹೋಗಬಾರದು, ಆದರೆ ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು.” ಹಸಿ ಸಿಪ್ಪೆಯ ಅಂಟು ಬೆರಳಿಗೆ ಹತ್ತಿತು. ಅವರ ಮಾತನ್ನೇ ಪುಸ್ತಿಕೆಯ ಏಳನೆಯ ಪುಟಕ್ಕೆ ಇಳಿಸಿದೆ. ಮಿಲಿಮೀಟರಿನ ಅಂಕಿಯನ್ನು ಕೆಳಗೆ ಚಿಕ್ಕ ಅಕ್ಷರದಲ್ಲಿ ಉಳಿಸಿದೆ. ಇಡೀ ಪುಸ್ತಿಕೆಯಲ್ಲಿ ಅತ್ಯುತ್ತಮ ವಾಕ್ಯ ಯಾವುದು ಎಂದರೆ ಅದೇ, ಮತ್ತು ಅದು ನನ್ನದಲ್ಲ.

ಹಳೆಯ ಪುಸ್ತಿಕೆಯ ‘ಭೂಸಂಪರ್ಕ ತಂತಿ’ಯನ್ನು ಯಾರೂ ಗುರುತಿಸಲಿಲ್ಲ, ಅರ್ಥಿಂಗ್ ಎಂದರೆ ಎಲ್ಲರಿಗೂ ಗೊತ್ತು. ಅಡಿಕೆ ಸುರಿಯುವ ಮೇಲಿನ ತೊಟ್ಟಿಗೆ ಹುಡುಗರು ‘ಬಾಯಿ’ ಎನ್ನುತ್ತಿದ್ದರು. ಹಾಗೆಯೇ ಬರೆದೆ. ಕಸುಬಿನವರ ಬಾಯಲ್ಲಿ ಬದುಕಿರುವ ಪದವನ್ನು ತೆಗೆದು ನಿಘಂಟಿನಲ್ಲಿ ಮಾತ್ರ ಉಸಿರಾಡುವ ಪದವನ್ನು ತುರುಕುವುದು ಕನ್ನಡದ ಸೇವೆ ಎಂದು ನಾನು ಈಗ ಒಪ್ಪುವುದಿಲ್ಲ.

ಅಚ್ಚಿಗೆ ಹೋದಾಗ ಬೇರೆಯದೇ ಪಾಡು. ನಾನು ಬರೆದದ್ದು ಯೂನಿಕೋಡ್‌ನಲ್ಲಿ. ಪ್ರೆಸ್ಸಿನವರಿಗೆ ಬೇಕಾದದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಕಡತ. ಆ ಬಗೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಜಾಗ ತಪ್ಪುವುದುಂಟು. ಕರಡು ಬಂದಾಗ ಒಂಬತ್ತು ಕಡೆ ಅರ್ಕಾವತ್ತು ಕಳಚಿ ‘ಅರ್ಥಿಂಗ್’ ಹೋಗಿ ‘ಅಥಿಂಗ್’ ಆಗಿತ್ತು. ಕರೆಂಟಿನ ಎಚ್ಚರಿಕೆಯಲ್ಲಿ ಆ ತಪ್ಪು ಉಳಿಯುವಂತಿರಲಿಲ್ಲ. ಪ್ರೆಸ್ಸಿನಲ್ಲಿ ಕೂತು ಮೂರು ಸಲ ಕರಡು ತಿದ್ದಿದೆ. ಆ ಎರಡು ದಿನವನ್ನು ನಾನು ಲೆಕ್ಕದಲ್ಲಿ ಹಿಡಿದಿರಲಿಲ್ಲ. ಮುಂದಿನ ಕೆಲಸದಿಂದ ಕರಡು ತಿದ್ದುವುದಕ್ಕೆ ಬೇರೆ ಸಾಲು, ಬೇರೆ ಮೊತ್ತ.

ಪದದ ಲೆಕ್ಕದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಹೊಸದಾಗಿ ಅನುವಾದಕ್ಕೆ ಇಳಿದವರು ಇದರಲ್ಲಿ ಮೋಸ ಹೋಗುವುದನ್ನು ನೋಡಿ ಸಂಕಟವಾಗುತ್ತದೆ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ‘ಮಾಡಬೇಕಾಗಿರುವುದರಿಂದ’ ಎಂಬುದು ಕನ್ನಡದಲ್ಲಿ ಒಂದು ಪದ. ಅದನ್ನೇ ಹೇಳಲು ಇಂಗ್ಲಿಷಿಗೆ ಐದಾರು ಪದ ಬೇಕು. ಕನ್ನಡ ಪದಕ್ಕೆ ಇಷ್ಟು ಎಂದು ದರ ಒಪ್ಪಿಕೊಂಡರೆ, ಬಿಗಿಯಾಗಿ ಚೆನ್ನಾಗಿ ಬರೆದಷ್ಟೂ ಹಣ ಕಡಿಮೆ. ನನ್ನ ಆ ಪುಸ್ತಿಕೆಯಲ್ಲಿ ಕೊನೆಗೆ ಉಳಿದ ಕನ್ನಡ ಪದಗಳು ಎರಡು ಸಾವಿರದ ಆಸುಪಾಸು. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಮೂಲದ ಪದಗಳನ್ನು ಎಣಿಸಿ ದರ ಹೇಳಿ. ಕನ್ನಡದಲ್ಲಿಯೇ ಹೊಸದಾಗಿ ಬರೆಯುವುದಾದರೆ ಇಡೀ ಕೆಲಸಕ್ಕೆ ಇಷ್ಟು ಎನ್ನಿ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನೂ ಮೊದಲೇ ಬರೆದುಕೊಡಿ.

ಉಳಿದ 6,000 ಕೈಗೆ ಬರಲು ಎಂಭತ್ತು ದಿನಗಳಾದವು. ನವೆಂಬರ್ ಕೊನೆಗೆ ಕೆಲಸ ಮುಗಿಸಿ ಬಿಲ್ ಕೊಟ್ಟೆ. ಬಿಲ್ಲಿನಲ್ಲಿ ಎಲ್ಲವೂ ಇತ್ತು, ಯಾವ ತಾರೀಖಿನೊಳಗೆ ಕೊಡಬೇಕು ಎಂಬುದು ಇರಲಿಲ್ಲ. ಡಿಸೆಂಬರಿನಲ್ಲಿ ಪುಸ್ತಿಕೆ ಅಚ್ಚಾಯಿತು, ಯಂತ್ರಗಳ ಜೊತೆ ಊರೂರಿಗೆ ಹೋಯಿತು. ಫೋನ್ ಮಾಡಿದರೆ “ಅಡಿಕೆ ಹಣ ಬರಲಿ ಮೇಡಂ” ಎನ್ನುತ್ತಿದ್ದರು. ಅದು ನೆಪವಾಗಿರಲಿಲ್ಲ. ಮಲೆನಾಡಿನಲ್ಲಿ ಯಂತ್ರ ಕೊಂಡ ರೈತರು ಅಡಿಕೆ ಒಣಗಿಸಿ, ಮಂಡಿಗೋ ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್‌ಕೋಸ್‌ಗೋ ಹಾಕಿ, ‘ರಾಶಿ’ ಬಗೆಯ ಅಡಿಕೆಗೆ ಒಳ್ಳೆಯ ಧಾರಣೆ ಬರುವ ದಿನ ನೋಡಿ ಮಾರುತ್ತಾರೆ. ಆಮೇಲೆ ಅಂಗಡಿ ಸಾಲ, ಯಂತ್ರದ ಸಾಲ ತೀರುತ್ತದೆ. ಮಾಲೀಕರು ಅದಕ್ಕೆ ಕಾಯುತ್ತಿದ್ದರು, ನಾನು ಅವರಿಗೆ. ಅಡಿಕೆ ಮನೆಯಲ್ಲಿ ಹುಟ್ಟಿದ ನನಗೆ ಇದೆಲ್ಲ ಅರ್ಥವಾಗುತ್ತಿತ್ತು, ಅದಕ್ಕೇ ಗಟ್ಟಿಯಾಗಿ ಕೇಳಲು ಇನ್ನಷ್ಟು ಕಷ್ಟವಾಯಿತು. ಜನವರಿಯಲ್ಲಿ ಬಾಡಿಗೆಗೆ ಅಮ್ಮನ ಹತ್ತಿರ ಸಾಲ ಮಾಡಿದೆ. ಫೆಬ್ರವರಿಯಲ್ಲಿ ಒಂದು ಪತ್ರ ಬರೆದು, ಬಿಲ್ಲಿನ ಪ್ರತಿ ಲಗತ್ತಿಸಿ, ತಾರೀಖು ನಮೂದಿಸಿ, ನಾನೇ ಹೋಗಿ ಕೈಗೆ ಕೊಟ್ಟೆ. ಅವರು ಓದಿ, ನಾಚಿಕೊಂಡು, ಅಲ್ಲಿಯೇ ಚೆಕ್ ಬರೆದರು.

ಅಂದು ನನಗೆ ಕಾನೂನು ತಿಳಿದಿರಲಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕನ್ನೋ ಸೇವೆಯನ್ನೋ ಪಡೆದವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಆ ಅವಧಿ 45 ದಿನ ಮೀರುವಂತಿಲ್ಲ. ಒಬ್ಬರೇ ಕೂತು ಸೇವೆ ಒದಗಿಸುವವರೂ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. 2020ರ ಜುಲೈ 1ರಿಂದ ಅದಕ್ಕೆ ಉದ್ಯಮ್ ನೋಂದಣಿ ಇದೆ, ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ನಾನು ಮಾಡಿಸಿದ್ದೇನೆ. ನನ್ನ ಬಿಲ್ಲುಗಳಲ್ಲಿ ಈಗ ಆ ಸಂಖ್ಯೆಯ ಪಕ್ಕದಲ್ಲಿ ಹಣ ಕೊಡಬೇಕಾದ ಕೊನೆಯ ತಾರೀಖು ಇರುತ್ತದೆ. ದೊಡ್ಡ ಗಿರಾಕಿಗಳು ವೃತ್ತಿ ಶುಲ್ಕದಲ್ಲಿ ಶೇಕಡ 10ರಷ್ಟನ್ನು ಟಿಡಿಎಸ್ ಎಂದು, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ ಎಂದು, ಹಿಡಿದು ಕೊಡುವುದುಂಟು. ಮೊದಲ ಸಲ ಹಾಗಾದಾಗ ನನ್ನ ಹಣ ಹೊಡೆದರು ಎಂದು ರಾತ್ರಿಯೆಲ್ಲ ಕುದಿದಿದ್ದೆ. ಅದು ನನ್ನ ಪ್ಯಾನ್ ಹೆಸರಿನಲ್ಲಿ ತೆರಿಗೆ ಇಲಾಖೆಯಲ್ಲಿ ಜಮಾ ಆಗಿರುತ್ತದೆ, ರಿಟರ್ನ್ ಸಲ್ಲಿಸಿದಾಗ ತೆರಿಗೆ ಲೆಕ್ಕಕ್ಕೆ ಬರುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಆ ನಿದ್ದೆ ಉಳಿಯುತ್ತಿತ್ತು. ಹಾಗಾಗಿ ನಾನು ಹೇಳುತ್ತಿದ್ದೇನೆ.

ಎರಡನೆಯ ಗಿರಾಕಿ ಸಿಕ್ಕಿದ್ದು ಅದೇ ಪ್ರೆಸ್ಸಿನಿಂದ. ಕರಡು ತಿದ್ದುವಾಗ ನನ್ನ ಪಕ್ಕದಲ್ಲಿ ಕೂತಿದ್ದ ಪ್ರೆಸ್ಸಿನ ಯಜಮಾನರು, ಸಹಕಾರ ಸಂಘವೊಂದರ ವಾರ್ಷಿಕ ವರದಿಯನ್ನು ನನಗೆ ಕಳಿಸಿದರು. ಅಲ್ಲಿಂದ ಹನಿ ನೀರಾವರಿಯ ಕೈಪಿಡಿ, ಆಮೇಲೆ ಇನ್ನೊಂದು. ಇವುಗಳಲ್ಲಿ ಎಲ್ಲಿಯೂ ನನ್ನ ಹೆಸರು ಇಲ್ಲ. ಅದರ ಬಗ್ಗೆ ನನಗೆ ಮೊದಮೊದಲು ಒಂದು ಕೊರಗು ಇತ್ತು. ಲೇಖನ ಪ್ರಕಟವಾದರೆ ಅಪ್ಪ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು, ಅಡಿಕೆ ಯಂತ್ರದ ಪುಸ್ತಿಕೆಯನ್ನು ಯಾರಿಗೆ ತೋರಿಸುವುದು?

2019ರ ಸುಗ್ಗಿಗೆ ಊರಿಗೆ ಹೋದೆ. ದೊಡ್ಡಪ್ಪನ ಶೆಡ್ಡಿನ ಗೋಡೆಯಲ್ಲಿ ನನ್ನ ಕ್ಯಾಲೆಂಡರ್ ಹಾಳೆ ಹೊಗೆಗೆ ಕಂದಾಗಿ ಇನ್ನೂ ಇತ್ತು. ಅದರ ಕೆಳಗಿನ ಮೊಳೆಗೆ ಸುತಳಿ ಕಟ್ಟಿ ಹೊಸ ಪುಸ್ತಿಕೆಯನ್ನು ತೂಗು ಹಾಕಿದ್ದರು. ಮೆಕ್ಯಾನಿಕ್ ಬಂದಾಗ ತಂದುಕೊಟ್ಟಿದ್ದರಂತೆ. ತೆರೆದರೆ ತಾನಾಗಿ ಏಳನೆಯ ಪುಟಕ್ಕೆ ತೆರೆದುಕೊಂಡಿತು. ಆ ಪುಟದ ಅಂಚಿನ ತುಂಬ ಅಡಿಕೆ ಕರೆಯ ಹೆಬ್ಬೆರಳ ಗುರುತುಗಳು, ಒಂದರ ಮೇಲೊಂದು. ಯಂತ್ರ ಓಡುತ್ತಿತ್ತು, ಮುಚ್ಚಳ ಹಾಕಿತ್ತು.

ಯಂತ್ರದ ಪಕ್ಕದಲ್ಲಿ ಅಕ್ಕ ಕೂತಿದ್ದರು. ಯಂತ್ರ ಸರಿಯಾಗಿ ಸುಲಿಯದೆ ಬಿಟ್ಟ ಅಡಿಕೆಯನ್ನು ಹೆಕ್ಕಿ, ಹಳೆಯ ಮೆಟ್ಟುಗತ್ತಿಯಲ್ಲಿ ಒಂದೊಂದಾಗಿ ಸುಲಿಯುತ್ತಿದ್ದರು. ಈಗ ಅವರಿಗೆ ಡಬ್ಬದ ಲೆಕ್ಕವಿಲ್ಲ, ದಿನಗೂಲಿ. ಸುಲಿಯುವವರು ಸಿಗದೆ ಬಂದ ಯಂತ್ರ, ಇದ್ದವರ ಡಬ್ಬವನ್ನೂ ತೆಗೆದುಕೊಂಡಿತ್ತು. ಆ ಯಂತ್ರಕ್ಕೆ ಮಾತು ಬರೆದುಕೊಟ್ಟವಳು ನಾನು. ಅವರ ಎದುರು ಕೂರಲು ನನಗೆ ಸುಲಭವಾಗಲಿಲ್ಲ.

ಅವರೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಗೋಡೆಯ ಕಡೆ ಗಲ್ಲ ತೋರಿಸಿ, “ಆ ಪುಸ್ತಕ ನೀನು ಬರೆದದ್ದಂತೆ?” ಎಂದರು.

“ಹೌದು ಅಕ್ಕಾ.”

“ಎಷ್ಟು ಕೊಟ್ಟರು?”

ಊರಿನಲ್ಲಿ ಬೇರೆ ಯಾರೂ ಕೇಳದ ಪ್ರಶ್ನೆ. “ಒಂಬತ್ತು ಸಾವಿರ” ಎಂದೆ.

ಅವರ ಕೈ ನಿಂತಿತು. ಮನಸ್ಸಿನಲ್ಲಿಯೇ ಡಬ್ಬಕ್ಕೆ ಭಾಗಿಸಿ ನೋಡುತ್ತಿದ್ದರು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

“ಎಷ್ಟು ಅಂತ ಮೊದಲೇ ಮಾತಾಡಿಕೊಂಡಿದ್ದೆಯಾ?”

“ಮಾತಾಡಿಕೊಂಡೇ ಕೂತದ್ದು.”

“ಸರಿ ಹಾಗಾದರೆ” ಎಂದು ಅಕ್ಕ ಮುಂದಿನ ಅಡಿಕೆಯನ್ನು ಕತ್ತಿಗೆ ಕೊಟ್ಟರು.